ಯೋಗದ ಎಂಟು ಮೆಟ್ಟಿಲುಗಳು



ಮೆಟ್ಟಿಲ ದಾರಿಯಲ್ಲಿ ಬರುವವರು ಬೆಟ್ಟದ ಬುಡದ ಮೆಟ್ಟಿಲನ್ನು ತುಳಿಯದೆ ತುದಿಗೆ ಬರಲಾಗದು. ಆದರೆ ಯೋಗದ ವಿಷಯದಲ್ಲಿ ಅನೇಕರು ಇದನ್ನು ಮರೆಯುತ್ತಾರೆ. ಯೋಗ ಅಂದಕೂಡಲೇ ಚಾಪೆ ಹಾಸಿ ಆಸನ ಹಾಕುವುದು ಅಂತಲೇ ತಿಳಿಯುತ್ತಾರೆ. ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಹೇಳಿರುವ 8 ಅಂಗಗಳಲ್ಲಿ ಆಸನ ಬರುವುದು ಮೂರನೆಯದಾಗಿ. ಅದಕ್ಕೂ ಮುಂಚೆ ಯಮ, ನಿಯಮ ಎಂಬ ಎರಡು ಮೆಟ್ಟಿಲುಗಳಿವೆ.

ಯಮ ಎಂದರೆ ಬೇರೆಯವರೊಡನೆ ನಡೆದುಕೊಳ್ಳುವ ರೀತಿ. ಅಹಿಂಸೆ, ಸತ್ಯ, ಕದಿಯದಿರುವ ಅಸ್ತೇಯ, ಬ್ರಹ್ಮಚರ್ಯ, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡದ ಅಪರಿಗ್ರಹ, ಹೀಗೆ ಐದು. ಜಾತಿ, ಸ್ಥಳ, ಕಾಲ, ಸಂದರ್ಭಗಳ ಭೇದವಿಲ್ಲದೆ ಪಾಲಿಸಿದಾಗ ಇವನ್ನೇ ಮಹಾವ್ರತವೆಂದು ಕರೆದಿದ್ದಾರೆ. ನಿಯಮ ಎಂದರೆ ತನ್ನನ್ನು ತಾನು ತಿದ್ದಿಕೊಳ್ಳುವುದು. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ, ಇವೂ ಐದು. ಸಂತೋಷ ಅಂದರೆ ಇದ್ದುದರಲ್ಲಿ ತೃಪ್ತಿ. ಈಶ್ವರ ಪ್ರಣಿಧಾನ ಅಂದರೆ ಎಲ್ಲವನ್ನೂ ದೇವರಿಗೆ ಒಪ್ಪಿಸುವುದು.

ಮೂರನೆಯದು ಆಸನ, ಅಲುಗದೆ ಸುಖವಾಗಿ ಕೂರುವುದು. ನಾಲ್ಕನೆಯದು ಪ್ರಾಣಾಯಾಮ, ಉಸಿರನ್ನು ಹಿಡಿತಕ್ಕೆ ತರುವುದು. ಐದನೆಯದು ಪ್ರತ್ಯಾಹಾರ, ಹೊರಗೆ ಓಡುವ ಕಣ್ಣು, ಕಿವಿ, ನಾಲಿಗೆಗಳನ್ನು ಒಳಕ್ಕೆ ತಿರುಗಿಸುವುದು. ಆರನೆಯದು ಧಾರಣೆ, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು. ಹಾಗೆ ನಿಂತ ಮನಸ್ಸು ಎಣ್ಣೆಯ ಧಾರೆಯಂತೆ ಕಡಿಯದೆ ಹರಿದರೆ ಅದು ಏಳನೆಯದಾದ ಧ್ಯಾನ. ನಾನು ಎಂಬುದೇ ಮರೆತುಹೋದರೆ ಅದು ಎಂಟನೆಯದಾದ ಸಮಾಧಿ.

ಇದಕ್ಕೊಂದು ದೃಷ್ಟಾಂತ. ದಿನಾ ಬೆಳಿಗ್ಗೆ ತಪ್ಪದೆ ಆಸನ, ಪ್ರಾಣಾಯಾಮ ಮಾಡುವ ಒಬ್ಬ ಮಗ ತಾಯಿಯನ್ನು ಬೆಟ್ಟಕ್ಕೆ ಕರೆತಂದ. ಮಂಡಿನೋವಿನ ತಾಯಿ ಅರ್ಧ ದಾರಿಯ ಮಂಟಪದಲ್ಲಿ ಕೂತುಬಿಟ್ಟಳು. "ಮಂಗಳಾರತಿ ತಪ್ಪಿಹೋಗುತ್ತೆ. ನಿನ್ನ ಕರ್ಕೊಂಡು ಬಂದ್ರೆ ಯಾವಾಗಲೂ ಇದೇ ಗೋಳು" ಎಂದು ರೇಗಿ, ಮಗ ಒಬ್ಬನೇ ಹತ್ತಿದ. ಕಾಲು ಸೋಲಲಿಲ್ಲ, ಉಸಿರು ಕಟ್ಟಲಿಲ್ಲ. ಸಾಲಿನಲ್ಲಿ ನಾಲ್ಕು ಜನರನ್ನು ಸರಿಸಿ ಮುಂದೆ ನಿಂತ. ಆರತಿ ಎತ್ತಿದಾಗ ಕಣ್ಣು ಮುಚ್ಚಿದರೆ ಕಂಡದ್ದು ತಾಯಿಯ ಸಪ್ಪಗಾದ ಮುಖ. ಪ್ರಸಾದ ಹಿಡಿದು ದಡದಡನೆ ಇಳಿದು ಬಂದ. ತಾಯಿ ಗೋಪುರದ ಕಡೆ ತಿರುಗಿ ಕೈಮುಗಿದು ಕೂತಿದ್ದಳು. "ದರ್ಶನ ಚೆನ್ನಾಗಾಯ್ತೇನಪ್ಪಾ? ನಂಗೆ ಇಲ್ಲಿಂದಲೇ ಆಯ್ತು" ಅಂದಳು. ಮಗನಿಗೆ ಮಾತೇ ಹೊರಡಲಿಲ್ಲ. ಪ್ರಸಾದವನ್ನು ತಾಯಿಯ ಕೈಗಿಟ್ಟು ಕಾಲಿಗೆ ಬಿದ್ದ.

ಮಗ ಮೂರು, ನಾಲ್ಕನೇ ಮೆಟ್ಟಿಲು ಕಲಿತಿದ್ದ, ಮೊದಲನೆಯದನ್ನೇ ಬಿಟ್ಟಿದ್ದ. ಹೊಡೆಯದಿರುವುದಷ್ಟೇ ಅಹಿಂಸೆಯಲ್ಲ, ಮಾತಿನಿಂದ ನೋಯಿಸದಿರುವುದೂ ಅಹಿಂಸೆಯೇ. ತಾಯಿಗೆ ಒಂದು ಆಸನವೂ ಬಾರದು. ಆದರೆ ಸಂತೋಷವೂ ಇತ್ತು, ಈಶ್ವರ ಪ್ರಣಿಧಾನವೂ ಇತ್ತು. ಈಶ್ವರ ಪ್ರಣಿಧಾನದಿಂದ ಸಮಾಧಿ ಸಿದ್ಧಿಸುತ್ತದೆಂದು ಮಹರ್ಷಿಗಳೇ ಹೇಳಿದ್ದಾರೆ. ಆದ್ದರಿಂದ ವಯಸ್ಸಾದವರು, ಕಾಲು ನಡೆಯದವರು ನಿರಾಶರಾಗಬೇಕಿಲ್ಲ.

ಊರಿಗೆ ಹೋದ ಮೇಲೆ ಆಸನ ಮಾಡಿರಿ, ಒಳ್ಳೆಯದೇ. ಆದರೆ ಚಾಪೆ ಹಾಸುವ ಮುಂಚೆ, ಮನೆಯಲ್ಲಿ ಯಾರ ಮನಸ್ಸನ್ನಾದರೂ ನೋಯಿಸಿದ್ದೇವೆಯೇ ಅಂತ ಒಮ್ಮೆ ನೋಡಿಕೊಳ್ಳಿರಿ. ಮೊದಲನೇ ಮೆಟ್ಟಿಲು ಅಲ್ಲೇ ಇದೆ.

ಸ್ವಾಮಿಯು ಸಕಲರಿಗೂ ಸನ್ಮಂಗಳವನ್ನುಂಟುಮಾಡಲಿ.