ಮಾಡಿದವನೊಬ್ಬ, ಉಂಡವರು ಹಲವರು

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹಾಸನ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕರ್ಮಸಿದ್ಧಾಂತವನ್ನು ಇಷ್ಟು ಚಿಕ್ಕದಾಗಿ ಹೇಳುವ ಈ ಮಾತು ಒಂದು ತೊಡಕನ್ನು ಬಿಡಿಸದೆ ಉಳಿಸುತ್ತದೆ. ಮಾಡಿದವನು ಒಬ್ಬ, ಉಂಡವರು ಮನೆಮಂದಿಯೆಲ್ಲ ಎಂದಾದರೆ ಪಾಪ ಯಾರ ಲೆಕ್ಕಕ್ಕೆ? 1995ರ ‘ಓಂ’, 2007ರ ‘ಆ ದಿನಗಳು’ ಮುಂತಾದ ನಮ್ಮ ಭೂಗತಲೋಕದ ಸಿನಿಮಾಗಳ ಕಣ್ಣು ಹೆಚ್ಚಾಗಿ ಲಾಂಗು ಹಿಡಿದವನ ಮೇಲೆ. ಅಮೆರಿಕದಲ್ಲಿ 1999ರಿಂದ 2007ರವರೆಗೆ 86 ಕಂತುಗಳಲ್ಲಿ ಬಂದ ‘ದಿ ಸೊಪ್ರಾನೋಸ್’ ಧಾರಾವಾಹಿ ಅವನ ಅಡುಗೆಮನೆಗೂ ಹೊಕ್ಕಿತು. ನ್ಯೂಜೆರ್ಸಿಯ ಮಾಫಿಯಾ ನಾಯಕ ಟೋನಿ ಕೊಲೆ, ಸುಲಿಗೆ ಮಾಡುತ್ತಾನೆ. ಹೆಂಡತಿ ಕಾರ್ಮೆಲಾ ಚರ್ಚಿಗೆ ಹೋಗುತ್ತಾಳೆ, ಮಕ್ಕಳನ್ನು ಓದಿಸುತ್ತಾಳೆ, ಬಂದವರಿಗೆಲ್ಲ ಬಡಿಸುತ್ತಾಳೆ. ಆಕೆ ಯಾರನ್ನೂ ಕೊಂದಿಲ್ಲ. ಆದರೂ ಆಕೆ ನಿರ್ದೋಷಿಯಲ್ಲ ಎಂಬುದು ನನ್ನ ವಾದ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ತೀರ್ಥವೆಂದು ನಂಬಿರುವ ಜೈನಧರ್ಮ ಈ ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲಾರರು. ಹೆಂಡತಿಯಾದ ಮಾತ್ರಕ್ಕೆ ಗಂಡನ ಪಾಪ ಅಂಟದು. ಇಷ್ಟಕ್ಕೇ ನಿಂತರೆ ಕಾರ್ಮೆಲಾ ಪಾರಾದಂತೆಯೇ. ಆದರೆ ತತ್ತ್ವಾರ್ಥಸೂತ್ರ ಕೃತ, ಕಾರಿತ, ಅನುಮತ ಎಂದು ಮೂರನ್ನು ಹೇಳುತ್ತದೆ: ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು. ಮೂರೂ ಕರ್ಮಬಂಧಕ್ಕೆ ದಾರಿಯೇ. ದುಡ್ಡು ಎಲ್ಲಿಂದ ಬಂತೆಂದು ಗೊತ್ತಿದ್ದೂ ಅದರಲ್ಲಿ ಒಡವೆ ಮಾಡಿಸಿಕೊಂಡರೆ ಅದು ಬಾಯಿಬಿಡದೆ ಕೊಟ್ಟ ಒಪ್ಪಿಗೆ. ಹಾಗಾಗಿ ಕಾರ್ಮೆಲಾಳದ್ದು ಗಂಡನ ಪಾಪದಲ್ಲಿ ಒಂದು ಪಾಲಲ್ಲ, ಆಕೆಯೇ ಗಳಿಸಿದ ಬೇರೊಂದು ಪಾಪ. ಏನೂ ಅರಿಯದ ಎಳೆಯ ಮಕ್ಕಳಿಗೆ ಇದು ತಟ್ಟುವುದಿಲ್ಲ. ಅರಿವು ಬಂದ ದಿನದಿಂದ ಅವರಿಗೂ ತಪ್ಪಿದ್ದಲ್ಲ.

ಗಂಡನ ಗಳಿಕೆಯನ್ನೇ ನಂಬಿದ ಹೆಂಗಸು ಏನು ಮಾಡಬೇಕು ಎಂಬ ಆಕ್ಷೇಪ ಸಣ್ಣದಲ್ಲ. ಹೊಡೆತಕ್ಕೆ ಹೆದರಿ, ಬೇರೆ ಆಸರೆಯಿಲ್ಲದೆ ಸುಮ್ಮನಿರುವವಳ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ಅನ್ಯಾಯ. ಆದರೆ ಕಾರ್ಮೆಲಾಳ ಮುಂದೆ ದಾರಿಗಳಿದ್ದವು. 2001ರ ಕಂತುಗಳಲ್ಲಿ ಒಬ್ಬ ಮನೋವೈದ್ಯ, ಮಕ್ಕಳನ್ನು ಕರೆದುಕೊಂಡು ಹೊರಡು ಎನ್ನುತ್ತಾನೆ. ಅದು ರಕ್ತದ ಹಣವೆಂದು ತನ್ನ ಫೀಸನ್ನೂ ಮುಟ್ಟುವುದಿಲ್ಲ. ಆಮೇಲೆ ಒಬ್ಬ ಪಾದ್ರಿ, ಸಂಸಾರ ಮುರಿಯಬೇಡ, ಗಂಡನ ಒಳ್ಳೆಯ ಭಾಗ ದುಡಿದು ತಂದಷ್ಟರಲ್ಲೇ ಬದುಕು ಎನ್ನುತ್ತಾನೆ. ಮೊದಲ ಸಲಹೆ ವಿಂಧ್ಯಗಿರಿಯ ಬಾಹುಬಲಿಯದು: ಅಣ್ಣನನ್ನು ಗೆದ್ದ ಮೇಲೂ ರಾಜ್ಯ ಬೇಡವೆಂದು ಹೊರಟವನು ಆತ. ತ್ಯಾಗ ಎಲ್ಲ ಸಂಸಾರಿಗಳಿಗೂ ಆಗುವ ಮಾತಲ್ಲ, ಒಪ್ಪೋಣ. ಹಾಗಾದರೆ ಉಳಿಯುವುದು ಎರಡನೆಯದು. ಅದನ್ನು ಕೇರಿ ನೋಡದೆ ಪಾಲಿಸಲಾಗದು. ಮನೆಗೆ ಬಂದ ದುಡ್ಡಿನಲ್ಲಿ ಕಾಳೆಷ್ಟು, ಕಲ್ಲೆಷ್ಟು ಎಂದು ಕೇಳಲೇಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಕೇಳಿದ್ದು ಅದನ್ನೇ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬುದು ಶರಣರ ಕಥೆ. ಅದು ಕದ್ದ ಅಕ್ಕಿಯಲ್ಲ, ಬೇಕಾದ್ದಕ್ಕಿಂತ ಹೆಚ್ಚಿನದು, ಅಷ್ಟೆ. ಆಕೆ ಸಂಸಾರ ಬಿಡಲಿಲ್ಲ, ಗಂಡನನ್ನೂ ಬಿಡಲಿಲ್ಲ. ಮನೆಯವರ ಮೇಲಿನ ಪ್ರೀತಿಗಾಗಿಯೇ ಎಲ್ಲವನ್ನೂ ಮಾಡಿದೆ ಎನ್ನುವ ಟೋನಿಗಳಿಗೆ ಉತ್ತರ ಇಲ್ಲಿದೆ: ಪ್ರೀತಿ ಸುಳ್ಳಾಗಿರಬೇಕಿಲ್ಲ, ಆದರೆ ಪ್ರೀತಿಯಿದ್ದ ಮನೆಯಲ್ಲೇ ಈ ಪ್ರಶ್ನೆ ಸಲೀಸಾಗಿ ಬರಬೇಕಿತ್ತು. ನಾಳೆಗೆ ಕೂಡಿಡದ ಮನೆಯ ಹೆಂಗಸು ಒಲೆ ಹಚ್ಚುವ ಮುಂಚೆ ಅದನ್ನು ಕೇಳಿದಳು. ತುಂಬಿದ ಮನೆಯ ಕಾರ್ಮೆಲಾ ಉಂಡು ಕೈತೊಳೆದ ಮೇಲೆ ಪಾದ್ರಿಯ ಹತ್ತಿರ ಕೇಳಿದಳು.