ಯಾಯೀರನ ಕಾಯುವಿಕೆ: ಮಾರ್ಕ 5:21–43

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದ ಕೊನೆಯ 23 ವಚನಗಳಲ್ಲಿ ಒಂದು ಪ್ರಸಂಗವನ್ನು ತಡೆದು ಇನ್ನೊಂದು ಪ್ರಸಂಗ ನಡೆಯುತ್ತದೆ. ಸಭಾಮಂದಿರದ ಅಧಿಕಾರಿಯಾದ ಯಾಯೀರನು ಗಲಿಲಾಯ ಸಮುದ್ರದ ದಡದಲ್ಲಿ ಯೇಸುವಿನ ಪಾದಕ್ಕೆ ಬೀಳುತ್ತಾನೆ. ಮಗಳು ಸಾವಿನ ಅಂಚಿನಲ್ಲಿದ್ದಾಳೆ, ಬಂದು ಕೈಯಿಟ್ಟು ಉಳಿಸಬೇಕೆಂದು ಬೇಡಿಕೊಳ್ಳುತ್ತಾನೆ. ಯೇಸು ಅವನೊಡನೆ ಹೊರಡುತ್ತಾನೆ, ದಾರಿ ತುಂಬ ಜನ. 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಆ ನೂಕುನುಗ್ಗಲಿನಲ್ಲಿ ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಆ ಕ್ಷಣವೇ ಅವಳಿಗೆ ವಾಸಿಯಾಗುತ್ತದೆ. ಆದರೂ ಯೇಸು ಅಲ್ಲಿಯೇ ನಿಂತು, ಮುಟ್ಟಿದವರು ಯಾರೆಂದು ಕೇಳುತ್ತಾನೆ.

ರೋಗ ಹೋಗಿಯಾಗಿತ್ತು, ಮುಂದೆ ನಡೆದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೇ ಅನ್ನಿಸಿತು. ಆತನು ನಿಂತದ್ದೇಕೆ ಎಂಬುದಕ್ಕೆ ಯಾಜಕಕಾಂಡದ 15ನೇ ಅಧ್ಯಾಯವನ್ನು ನೋಡಬೇಕು. ಆ ನಿಯಮದಂತೆ ರಕ್ತಸ್ರಾವವಿರುವ ಹೆಂಗಸು ಅಶುದ್ಧಳು. ಅವಳು ಮಲಗಿದ ಹಾಸಿಗೆ, ಕುಳಿತ ಪೀಠ ಮುಟ್ಟಿದವರಿಗೂ ಮೈಲಿಗೆ. ವೈದ್ಯರಿಗೆ ಹಣವೆಲ್ಲ ಸುರಿದು ಬರಿಗೈಯಾದ ಅವಳು ಜನರ ಒಡನಾಟವನ್ನೂ ಕಳೆದುಕೊಂಡಿದ್ದಳು. ಗುಟ್ಟಾಗಿ ಸಿಕ್ಕ ಗುಣದಿಂದ ದೇಹವಷ್ಟೇ ಸರಿಹೋಗುತ್ತಿತ್ತು. ಎಲ್ಲರೆದುರು ಅವಳನ್ನು ಮಗಳೆಂದು ಕರೆದು, ಸಮಾಧಾನದಿಂದ ಕಳುಹಿಸಿದ ಮೇಲೆಯೇ ಊರಿನ ಬಾಗಿಲು ಅವಳಿಗೆ ಮತ್ತೆ ತೆರೆಯಿತು. ಅವಳು ನಡೆದುದನ್ನೆಲ್ಲ ಹೇಳಿಕೊಂಡಳೆಂದು ಮಾರ್ಕನು ಬರೆಯುತ್ತಾನೆ. 12 ವರ್ಷಗಳ ಸಂಕಟ ಒಂದೆರಡು ಮಾತಿನಲ್ಲಿ ಮುಗಿದಿರಲಾರದು.

ಪ್ರವಚನಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತು ಯೇಸುವಿನ ಕರುಣೆಯನ್ನು ಕೊಂಡಾಡುತ್ತವೆ. ಅದು ಸರಿಯೇ. ಆದರೆ ಆ ಹೊತ್ತು ಯಾರ ಪಾಲಿನದಾಗಿತ್ತು ಎಂಬುದನ್ನೂ ಕೇಳಬೇಕು. ಅದು ಯಾಯೀರನದು. ಊರಿನ ಗಣ್ಯನಾದ ಅವನು ಹೆಸರೂ ದಾಖಲಾಗದ ಒಬ್ಬ ಹೆಂಗಸಿಗಾಗಿ ಕಾಯಬೇಕಾಯಿತು. ಅವಳ ಮಾತು ಮುಗಿಯುವಷ್ಟರಲ್ಲಿ ಮಗಳು ತೀರಿಕೊಂಡಳೆಂಬ ಸುದ್ದಿ ಮನೆಯಿಂದ ಬರುತ್ತದೆ. ಮೊದಲ ಬೇಡಿಕೆಯ ನಂತರ ಯಾಯೀರನ ಒಂದು ಮಾತನ್ನೂ ಮಾರ್ಕನು ದಾಖಲಿಸಿಲ್ಲ, ಗೊಣಗಾಟವನ್ನೂ ಇಲ್ಲ. ಹೆದರಬೇಡ, ನಂಬಿಕೆಯನ್ನು ಬಿಡಬೇಡ ಎಂದು ಯೇಸು ಹೇಳುವುದು ಆಗಲೇ. ಇಡೀ ಭಾಗದ ತಿರುಳು ಇದು. ಮತ್ತಾಯನು ಇದೇ ಪ್ರಸಂಗವನ್ನು 9 ವಚನಗಳಲ್ಲಿ ಮುಗಿಸುತ್ತಾನೆ. ಅವನ ನಿರೂಪಣೆಯಲ್ಲಿ ತಂದೆ ಬರುವ ಹೊತ್ತಿಗೇ ಮಗಳು ಸತ್ತಿರುತ್ತಾಳೆ, ಆದ್ದರಿಂದ ತಡವಾಯಿತೆಂಬ ಸಂಕಟಕ್ಕೆ ಎಡೆಯಿಲ್ಲ. ತಂದೆಯ ಪರೀಕ್ಷೆ ತಿಳಿಯಬೇಕಾದರೆ ಮಾರ್ಕನನ್ನೇ ಓದಬೇಕು.

ಮುಂದೆ ಪೇತ್ರ, ಯಾಕೋಬ, ಯೋಹಾನ ಮತ್ತು ತಂದೆತಾಯಿಗಳ ಎದುರು 12 ವರ್ಷದ ಆ ಹುಡುಗಿ ಎದ್ದು ನಡೆಯುತ್ತಾಳೆ. ಆದರೆ ತಡವಾದ ಪ್ರತಿಯೊಂದು ಕೆಲಸವೂ ಹೀಗೆಯೇ ಕೈಗೂಡುತ್ತದೆಂಬ ಭರವಸೆಯನ್ನು ಈ ಭಾಗ ಕೊಡುವುದಿಲ್ಲ. ಮಗಳನ್ನು ಮರಳಿ ಪಡೆಯದ ತಂದೆಯರು ಲೋಕದಲ್ಲಿ ಎಷ್ಟೋ ಮಂದಿ. ಅಡುಗೆಗೆ ಕೈಹಾಕಿದಾಗಲೇ ನೆರೆಯವಳು ತನ್ನ ದುಃಖ ಹೊತ್ತು ಬಾಗಿಲಿಗೆ ಬರುತ್ತಾಳೆ, ಪರೀಕ್ಷೆಯ ಹಿಂದಿನ ರಾತ್ರಿ ಮನೆಯ ಹಿರಿಯರಿಗೆ ಜ್ವರ ಏರುತ್ತದೆ. ಇವುಗಳಿಂದ ಆಗುವ ನಷ್ಟ ನಿಜವಾದ ನಷ್ಟವೇ. ಅದನ್ನು ಅಲ್ಲಗಳೆಯುವುದು ನಂಬಿಕೆಯಲ್ಲ. ನಷ್ಟವಾಯಿತೆಂದು ತಿಳಿದ ಮೇಲೂ ಯಾಯೀರನಂತೆ ಕ್ರಿಸ್ತನ ಜೊತೆ ಹೆಜ್ಜೆ ಹಾಕುವುದು ನಂಬಿಕೆ.

ಕರೆದಾಗಲೆಲ್ಲ ನಿಲ್ಲಬೇಕೆಂಬ ನಿಯಮವನ್ನೂ ಇಲ್ಲಿಂದ ಎಳೆಯಬಾರದು. ಇದೇ ಸುವಾರ್ತೆಯ 1ನೇ ಅಧ್ಯಾಯದಲ್ಲಿ ಯೇಸು ನಸುಕಿನಲ್ಲಿ ಎದ್ದು ಏಕಾಂತದಲ್ಲಿ ಪ್ರಾರ್ಥಿಸುತ್ತಿರುವಾಗ ಸೀಮೋನ ಮತ್ತು ಸಂಗಡಿಗರು ಹುಡುಕಿಕೊಂಡು ಬಂದು, ಎಲ್ಲರೂ ಆತನನ್ನು ಹುಡುಕುತ್ತಿದ್ದಾರೆಂದು ತಿಳಿಸುತ್ತಾರೆ. ಆತನು ಆ ಜನರಿದ್ದ ಕಪೆರ್ನೌಮಿಗೆ ಹಿಂತಿರುಗದೆ, ಸಾರುವುದಕ್ಕಾಗಿ ಬೇರೆ ಊರುಗಳಿಗೆ ಹೊರಡುತ್ತಾನೆ. 6ನೇ ಅಧ್ಯಾಯದಲ್ಲಾದರೋ ದಣಿದ ಶಿಷ್ಯರಿಗೆ ವಿಶ್ರಾಂತಿ ಕೊಡಲು ಹೊರಟವನು ಎದುರಾದ ಗುಂಪನ್ನು ಕಂಡು ಕನಿಕರಪಟ್ಟು ಬೋಧಿಸುತ್ತಾನೆ. ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಎಂಬುದಕ್ಕೆ ಮಾರ್ಕನಲ್ಲಿ ಸಿದ್ಧ ಸೂತ್ರವಿಲ್ಲ. ಒಲ್ಲೆನೆಂದ ಕಡೆ ಅದಕ್ಕೆ ಮೊದಲು ಪ್ರಾರ್ಥನೆಯಿತ್ತು ಎಂಬುದಷ್ಟನ್ನು ಗಮನಿಸಬಹುದು. ಅದು ಸಣ್ಣ ಮಾತಲ್ಲ.

ಸಭೆಯ ಪರಂಪರೆ ಈ ಪಾಠವನ್ನು ದಿನಚರಿಗೇ ಇಳಿಸಿತು. 6ನೇ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮದ 53ನೇ ಅಧ್ಯಾಯ, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಲು ವಿಧಿಸುತ್ತದೆ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಶ್ ಬೋನ್‌ಹಾಫರ್ ಸಹಜೀವನವನ್ನು ಕುರಿತ ತನ್ನ ಪುಸ್ತಕದಲ್ಲಿ, ಯೋಜನೆಗಳನ್ನು ಮುರಿಯಲು ದೇವರಿಗೆ ಎಡೆಕೊಡಬೇಕೆಂದು ವಾದಿಸಿ, ಯೇಸುವಿನ ಸಾಮ್ಯಕಥೆಯಲ್ಲಿ ಯೆರಿಕೋ ದಾರಿಯ ಗಾಯಾಳುವನ್ನು ದಾಟಿಹೋದ ಯಾಜಕನನ್ನು ಎಚ್ಚರಿಕೆಯಾಗಿ ತೋರಿಸುತ್ತಾನೆ. ಆ ಪುಸ್ತಕ ಪ್ರಕಟವಾದದ್ದು 1939ರಲ್ಲಿ. ಅದಕ್ಕೆ ಆಧಾರವಾದ ಫಿಂಕೆನ್‌ವಾಲ್ಡೆಯ ಗುರುಶಿಕ್ಷಣಾಲಯವನ್ನು ನಾಜಿ ಪೊಲೀಸರು 1937ರಲ್ಲಿಯೇ ಮುಚ್ಚಿಸಿದ್ದರು.