ಶೋಕ ಬೇರೆ, ಕರುಣ ಬೇರೆ

ನಟನೊಬ್ಬ ತೀರಿಕೊಂಡ ಕೂಡಲೇ ನಮ್ಮ ಟಿವಿ ನಿರೂಪಕರಿಗೂ ಶ್ರದ್ಧಾಂಜಲಿ ಸಭೆಯ ಭಾಷಣಕಾರರಿಗೂ ನವರಸಗಳು ನೆನಪಾಗುತ್ತವೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ವಾರ ನಮ್ಮ ಬಡಾವಣೆಯಲ್ಲೂ ಒಂದು ಸಭೆ ನಡೆಯಿತು. ಒಬ್ಬರು ಮೈಕು ಹಿಡಿದು, ಇಡೀ ಕರ್ನಾಟಕ ಕರುಣರಸದಲ್ಲಿ ಮುಳುಗಿದೆ ಎಂದರು. ನನ್ನ ಪಕ್ಕದಲ್ಲಿ ನಮ್ಮ ಬೀದಿಯ ಟೈಲರ್ ನಿಂತಿದ್ದ. ಎರಡು ದಿನ ಅಂಗಡಿಗೆ ಬೀಗ ಹಾಕಿದ್ದವನು. "ರಸ ಗಿಸ ಗೊತ್ತಿಲ್ಲ ಸಾರ್, ಕರುಳು ಹಿಂಡ್ತಾ ಇದೆ" ಎಂದ. ಆತ ಅಲಂಕಾರಶಾಸ್ತ್ರ ಓದಿದವನಲ್ಲ. ಆದರೂ ಭಾಷಣಕಾರರಿಗಿಂತ ಶಾಸ್ತ್ರಕ್ಕೆ ಹತ್ತಿರದಲ್ಲಿದ್ದ.

ಕರುಣ ಎಂದರೆ ಕರುಣೆ ಅಲ್ಲ, ಅದನ್ನು ಮೊದಲು ಬದಿಗಿಡೋಣ. ಕರುಣೆ ದಯೆ, ಬೀದಿನಾಯಿಗೂ ತೋರಿಸಬಹುದು. ಕರುಣ ಒಂದು ರಸ. ನಾಟಕ, ಕಾವ್ಯ, ಸಿನಿಮಾಗಳ ಎದುರು ಕೂತಾಗ ಮಾತ್ರ ಹುಟ್ಟುವಂಥದ್ದು. ಅದರ ಸ್ಥಾಯಿಭಾವ, ಅಂದರೆ ಅದಕ್ಕೆ ಬುನಾದಿಯಾದ ಭಾವ, ಶೋಕ. ಗೊಂದಲವಾಗುವುದು ಇಲ್ಲೇ. ಶೋಕದಿಂದ ಕರುಣ ಆಗುತ್ತದೆ ಎಂದು ಕೇಳಿದವರು, ಶೋಕ ಹೆಚ್ಚಾದರೆ ಕರುಣ ಎಂದುಕೊಳ್ಳುತ್ತಾರೆ. ಹಾಲು ಹೆಚ್ಚಾದರೆ ಮೊಸರಾಗುವುದಿಲ್ಲ.

1985ರಲ್ಲಿ ತೆರೆಕಂಡ ‘ಬೆಟ್ಟದ ಹೂವು’ ಚಿತ್ರವನ್ನೇ ನೋಡಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಹತ್ತರ ಹುಡುಗ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಬಡವರ ಮನೆಯ ರಾಮುವಿಗೆ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಬೆಟ್ಟದ ಹೂ ತಂದುಕೊಟ್ಟು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಪುಸ್ತಕ ಬರುವುದಿಲ್ಲ, ಮನೆಯವರಿಗೆ ಕಂಬಳಿ ಬರುತ್ತದೆ. ಟಾಕೀಸಿನಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು ನನಗೆ ಇಂದಿಗೂ ನೆನಪಿದೆ. ಅಲ್ಲಿ ಯಾರೂ ಸತ್ತಿರಲಿಲ್ಲ. ಆಕೆಗೆ ಆ ಪುಸ್ತಕ ಬೇಕೂ ಆಗಿರಲಿಲ್ಲ. ಆಕೆ ಅತ್ತದ್ದು ತನಗಾಗಿ ಅಲ್ಲ, ಪುನೀತ್ ಎಂಬ ಹುಡುಗನಿಗಾಗಿಯೂ ಅಲ್ಲ. ಆ ಹುಡುಗ ರಾಜ್‌ಕುಮಾರರ ಮಗ, ಎಷ್ಟು ಪುಸ್ತಕ ಬೇಕಾದರೂ ಕೊಳ್ಳಬಲ್ಲವನು ಎಂಬುದು ಟಾಕೀಸಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ರಾಮುವಿನ ನಷ್ಟ ರಾಮುವಿನದಾಗಿಯೂ ಉಳಿಯದೆ, ನೋಡುವವರದೂ ಆಗದೆ, ಯಾರ ಹೆಸರಿಗೂ ಖಾತೆ ಇಲ್ಲದ ನಷ್ಟವಾಯಿತು. ಅಲಂಕಾರಶಾಸ್ತ್ರದ ಭಟ್ಟನಾಯಕ ಇದನ್ನೇ ಸಾಧಾರಣೀಕರಣ ಎಂದ. ಖಾತೆ ಕಳೆದುಕೊಂಡ ಶೋಕವೇ ಕರುಣ. ಅದಕ್ಕೇ ಅತ್ತು ಹೊರಬಂದವರು ಬಾಗಿಲಲ್ಲಿ ಕಡಲೆಕಾಯಿ ಕೊಂಡು, ಚೆನ್ನಾಗಿತ್ತು ಎನ್ನುತ್ತಾ ಮನೆಗೆ ಹೋದರು.

ಬೇಡನ ಬಾಣಕ್ಕೆ ಸಂಗಾತಿಯನ್ನು ಕಳೆದುಕೊಂಡ ಕ್ರೌಂಚಪಕ್ಷಿಯ ಅಳು ಕೇಳಿ ವಾಲ್ಮೀಕಿ ಮುನಿಯ ಬಾಯಲ್ಲಿ ಶೋಕ ಶ್ಲೋಕವಾಯಿತೆಂಬ ಕತೆ ಎಲ್ಲರಿಗೂ ಗೊತ್ತು. ಆ ಶೋಕ ಮುನಿಯದೆಂದು ತಿಳಿಯಬೇಡಿ ಎಂದು ತನ್ನ ‘ಲೋಚನ’ ವ್ಯಾಖ್ಯಾನದಲ್ಲಿ ಅಭಿನವಗುಪ್ತ ಎಚ್ಚರಿಸುತ್ತಾನೆ. ದುಃಖದಲ್ಲಿ ಬೇಯುತ್ತಿರುವವನ ಸ್ಥಿತಿ ಅದಲ್ಲ, ಅಂಥವನಿಂದ ಕಾವ್ಯ ಹೊರಡದು ಎಂಬುದು ಅವನ ವಾದ. ನಮ್ಮ ಟೈಲರ್ ಅಂದು ಬೇಯುತ್ತಿದ್ದವನು.

ಹಾಗಾದರೆ ಕಣ್ಮರೆಯಾದ ನಟ ಮತ್ತೆ ತೆರೆಯ ಮೇಲೆ ಬಂದಾಗ? 2022ರ ಮಾರ್ಚ್ 17, ಪುನೀತ್ ಹುಟ್ಟಿದ ದಿನ, ‘ಜೇಮ್ಸ್’ ಬಿಡುಗಡೆಯಾಯಿತು. ಡಬ್ಬಿಂಗ್ ಮುಗಿಸುವ ಮೊದಲೇ ಅವರು ಹೋಗಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ಧ್ವನಿ ಕೊಟ್ಟಿದ್ದರು. ತಮ್ಮನ ತುಟಿ, ಅಣ್ಣನ ದನಿ. ಹೊಡೆದಾಟದ ಚಿತ್ರ, ತೆರೆಯ ಮೇಲೆ ಇದ್ದದ್ದು ವೀರ. ನಾನು ಹೋದ ಥಿಯೇಟರಿನಲ್ಲಿ ನಾಯಕನ ಎಂಟ್ರಿಗೆ ಶಿಳ್ಳೆ ಬಿತ್ತು, ಕಾಗದದ ಚೂರು ಹಾರಿದವು. ಮೊದಲ ಮಾತು ಕೇಳಿದ್ದೇ ತಡ, ಮುಂದಿನ ಸಾಲುಗಳು ತಣ್ಣಗಾದವು. ದನಿ ಯಾರದೆಂದು ಎಲ್ಲರಿಗೂ ಗೊತ್ತು, ಯಾಕೆಂಬುದೂ ಗೊತ್ತು. ಖಳರು ನೆಲಕ್ಕುರುಳುತ್ತಿದ್ದಾಗ ನನ್ನ ಪಕ್ಕದ ಹುಡುಗ ಬಿಕ್ಕುತ್ತಿದ್ದ.

ರಸಕ್ಕೆ ಏಳು ವಿಘ್ನಗಳಿವೆ ಎಂದು ಅಭಿನವಗುಪ್ತ ಪಟ್ಟಿ ಮಾಡಿದ್ದಾನೆ. ನೋಡುವವನು ತನ್ನದೇ ಸುಖದುಃಖದ ವಶವಾಗಿರುವುದು ಅವುಗಳಲ್ಲೊಂದು. ಕಂಡದ್ದನ್ನು ಇದು ನನ್ನದು, ಇದು ಇಂಥವನದು ಎಂದು ಗುರುತಿಗೆ ಕಟ್ಟಿಹಾಕುವುದು ಇನ್ನೊಂದು. ಆ ದಿನ ಥಿಯೇಟರಿನಲ್ಲಿ ಎರಡೂ ತುಂಬಿದ್ದವು. ಅಲ್ಲಿ ವೀರವೂ ನಿಲ್ಲಲಿಲ್ಲ, ಕರುಣವೂ ಹುಟ್ಟಲಿಲ್ಲ. ಇದ್ದದ್ದು ಶೋಕ, ಸಾವಿನ ಮನೆಯಲ್ಲಿರುವಂಥದ್ದೇ. ಕೆಲವು ವಾರಗಳ ಬಳಿಕ ತಂತ್ರಜ್ಞಾನದ ಬಲದಿಂದ ಪುನೀತರದೇ ದನಿ ಕೂಡಿಸಿದ ಪ್ರತಿಯೂ ಬಂತು. ಬಹಳ ಜನ ಸಂತೋಷಪಟ್ಟರು. ನನಗೆ ಅಣ್ಣನ ದನಿಯೇ ಹೆಚ್ಚು ನಿಜವೆನಿಸಿತ್ತು. ಅದು ಏನನ್ನೂ ಮುಚ್ಚಿಡುತ್ತಿರಲಿಲ್ಲ.

‘ನಾಟ್ಯಶಾಸ್ತ್ರ’ದ ಭರತ ಇನ್ನೊಂದು ಸೂಕ್ಷ್ಮ ಹೇಳುತ್ತಾನೆ. ಅಗಲಿದವರ ಅಳುವೂ ಸತ್ತವರಿಗಾಗಿ ಅಳುವ ಅಳುವೂ ನೋಡಲು ಒಂದೇ. ಆದರೆ ಮತ್ತೆ ಸೇರುವ ನಿರೀಕ್ಷೆ ಇದ್ದರೆ ಅದು ವಿಪ್ರಲಂಭ, ಶೃಂಗಾರದ ಮನೆಯದು. ನಿರೀಕ್ಷೆ ಪೂರ್ತಿ ಕಡಿದುಹೋದರೆ ಮಾತ್ರ ಕರುಣ. ಒಂದು ಸಾಪೇಕ್ಷ, ಇನ್ನೊಂದು ನಿರಪೇಕ್ಷ. ಸಾವಿರದೈನೂರು ವರ್ಷಕ್ಕೂ ಹಿಂದಿನ ಈ ಗೆರೆಯನ್ನು ಸಿನಿಮಾ ಅಳಿಸಿಬಿಟ್ಟಿದೆ ಎಂಬುದು ನನ್ನ ಅನುಮಾನ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು. ಮರುವರ್ಷ ಫೆಬ್ರುವರಿಯಲ್ಲಿ ‘ಆಪ್ತರಕ್ಷಕ’ದಲ್ಲಿ ಎದುರಿಗೆ ಬಂದು ನಿಂತರು. 1990ರಲ್ಲಿ ದಾವಣಗೆರೆ ಬಳಿ ಅಪಘಾತದಲ್ಲಿ ಹೋದ ಶಂಕರ್‌ನಾಗ್ ಈಗಲೂ ಆಟೊಗಳ ಹಿಂದೆ ನಗುತ್ತಾರೆ. ‘ಮತ್ತೆ ಹುಟ್ಟಿ ಬಾ ಅಪ್ಪು’ ಎಂದು ಪುನೀತ್ ಹೆಸರಿನಲ್ಲಿ ಬ್ಯಾನರ್ ಕಟ್ಟಿದವನ ಅಳು ಯಾವ ಮನೆಯದು? ಹಾಲು-ತುಪ್ಪ ಬಿಟ್ಟಾಗಿದೆ, ಮುಂದಿನ ಶುಕ್ರವಾರಕ್ಕೆ ಟಿಕೆಟ್ಟೂ ಕೈಯಲ್ಲಿದೆ. ಭರತನಿಗೆ ಇಂಥ ಸಾವು ಗೊತ್ತಿರಲಿಲ್ಲ.

ಅವನ ಮೇಲೆ ನನಗೆ ತಕರಾರಿರುವುದು ಬೇರೆ ಕಡೆ. ಉತ್ತಮರೂ ಮಧ್ಯಮರೂ ಶೋಕವನ್ನು ಧೈರ್ಯದಿಂದ ತಾಳುತ್ತಾರೆ, ನೀಚಪ್ರಕೃತಿಯವರು ಅಳುತ್ತಾರೆ ಎಂದು ಬರೆದುಬಿಟ್ಟಿದ್ದಾನೆ. ಈ ಜಗಲಿಯಲ್ಲಿ ಅವನ ಪಕ್ಕ ಗ್ರೀಕರ ಪ್ಲೇಟೊ ಕೂತಿದ್ದಾನೆ. ನಾಟಕದಲ್ಲಿ ಪರರ ದುಃಖಕ್ಕೆ ಅತ್ತು ಅಭ್ಯಾಸವಾದವನು ತನ್ನ ದುಃಖ ಬಂದಾಗ ಕುಸಿಯುತ್ತಾನೆ ಎಂದು ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಕವಿಗಳನ್ನು ಕಟಕಟೆಗೆ ಹತ್ತಿಸುತ್ತಾನೆ. ‘ಭೇಟಿಯೇ ಆಗದವನಿಗೆ ಇಷ್ಟೊಂದು ಅಳುವುದೇನು’ ಎಂದು ನಮ್ಮಲ್ಲಿ ಮೂಗು ಮುರಿಯುವವರೆಲ್ಲ ಅವನ ಶಿಷ್ಯರೇ.

2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು, ಬೆಂಕಿ, ಸಾವು ನಡೆದದ್ದು ನಿಜ. ಪುನೀತ್ ಹೋದಾಗ ಆಘಾತ ತಾಳದೆ ಪ್ರಾಣ ಕಳೆದುಕೊಂಡವರಿದ್ದದ್ದೂ ನಿಜ. ಅದನ್ನು ಸಮರ್ಥಿಸಲಾರೆ. ಆದರೆ ಕಂಠೀರವ ಕ್ರೀಡಾಂಗಣದ ಮುಂದೆ ಹಗಲೂ ರಾತ್ರಿ ಸರದಿ ನಿಂತ ಲಕ್ಷಾಂತರ ಜನರನ್ನು ನೋಡಿ ಹೇಳಿ. ಅವರು ಅತ್ತರು, ಸಾಲು ಮುರಿಯಲಿಲ್ಲ. ಅಪ್ಪನಂತೆ ಮಗನ ಕಣ್ಣುಗಳೂ ದಾನವಾದವೆಂದು ತಿಳಿದ ಮೇಲೆ ಊರೂರಿನಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರು ಇವರೇ. ಕುಸಿದವರ ಲಕ್ಷಣವೇ ಇದು? ನಲವತ್ತು ವರ್ಷ ಸಿನಿಮಾ ನೋಡಿ ಅತ್ತ ಜನ ಪ್ಲೇಟೊ ಹೇಳಿದಂತೆ ನಡೆದುಕೊಳ್ಳಲಿಲ್ಲ. ರಾಜ್‌ಕುಮಾರ್ ಇವರನ್ನು ಅಭಿಮಾನಿ ದೇವರುಗಳು ಎನ್ನುತ್ತಿದ್ದರು. ಭರತನ ವಿಂಗಡಣೆಗಿಂತ ನನಗೆ ಇದೇ ಹೆಚ್ಚು ಒಪ್ಪಿಗೆ.

ನಮ್ಮ ಟೈಲರ್ ಕೂಡ ಹೆಸರು ಬರೆಸಿದ. ಆ ಕಾರ್ಡು ಅಂಗಡಿಯಲ್ಲಿ ಹಾರ ಹಾಕಿದ ಪಟದ ಪಕ್ಕ, ಬಾಬಿನ್ ಡಬ್ಬಿಯ ಮೇಲೆ ಅಂಟಿದೆ. ‘ಬೆಟ್ಟದ ಹೂವು’ ಮತ್ತೆ ನೋಡಿದೆಯಾ ಎಂದು ಮೊನ್ನೆ ಕೇಳಿದೆ. ಇನ್ನೂ ಇಲ್ಲ, ನೋಡಲು ಕೂತರೆ ಆಗುವುದಿಲ್ಲ ಎಂದ. ಹುಡುಗ ರಾಮು ಆಗುವುದೇ ಇಲ್ಲವಂತೆ, ಅಪ್ಪುವೇ ಕಾಣುತ್ತಾನಂತೆ.

ಮುಂದಿನ ಸಭೆಯಲ್ಲಿ ಮೈಕು ಹಿಡಿಯುವವರು ದಯವಿಟ್ಟು ಶೋಕ ಎಂದೇ ಹೇಳಿ. ಅದೇನೂ ಕಡಿಮೆಯ ಮಾತಲ್ಲ.